ಕೈಯಲ್ಲಿ ಒಂದು

“ಎಂಟೂ ಐದೂ ಹದಿಮೂರು. ಮೂರು ಬರಿ, ಕೈಯಲ್ಲಿ ಒಂದು” ಎಂದು ಮೇಷ್ಟ್ರು ಹೇಳಿದಾಗಲೆಲ್ಲ ಆ ಹುಡುಗಿ ಅಂಗೈ ಬಿಡಿಸಿ ನೋಡಿಕೊಳ್ಳುತ್ತಿದ್ದಳು. ಅಲ್ಲಿ ಏನೂ ಇರುತ್ತಿರಲಿಲ್ಲ. ಕದ್ದು ನೋಡಿದರೆ ಪಕ್ಕದವಳ ಅಂಗೈಯೂ ಖಾಲಿ. ಆದರೂ ಇಡೀ ತರಗತಿ ಆ ಕಾಣದ ಒಂದನ್ನು ಎಲ್ಲಿಂದಲೋ ಎತ್ತಿ, ಮುಂದಿನ ಮನೆಗೆ ಸೇರಿಸಿ, ಉತ್ತರ ಬರೆದು, ಸ್ಲೇಟು ಮೇಲೆತ್ತಿ ತೋರಿಸುತ್ತಿತ್ತು. ಕಳೆಯುವ ಲೆಕ್ಕ ಬಂದರೆ ಇನ್ನೂ ಫಜೀತಿ. “ಪಕ್ಕದ ಮನೆಯಿಂದ ಸಾಲ ತಗೊಂಡು ಬಾ” ಎನ್ನುತ್ತಿದ್ದರು. ಪಕ್ಕದ ಮನೆಯಲ್ಲಿ ಸೊನ್ನೆ ಇದ್ದರೆ ಅದರಾಚೆಯ ಮನೆಗೆ ಹೋಗಬೇಕಂತೆ. ಹೀಗೆ ಮನೆಮನೆ ಅಲೆದು ಅವಳಿಗೆ ಸುಸ್ತಾಗುತ್ತಿತ್ತೇ ಹೊರತು ಉತ್ತರ ಸಿಗುತ್ತಿರಲಿಲ್ಲ.

ಆ ಹುಡುಗಿ ಬೆಳೆದು ದೊಡ್ಡವಳಾಗಿ ಪುಟ್ಟ ಮಕ್ಕಳ ಶಾಲೆಯೊಂದರಲ್ಲಿ ಸಹಾಯಕ ಶಿಕ್ಷಕಿಯಾಗಿ ಸೇರಿದಳು. ಮಕ್ಕಳೆಲ್ಲ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದವು. ನಾವೂ ಹಾಗೆಯೇ ಕರೆಯೋಣ. ಇಷ್ಟಿಷ್ಟುದ್ದದ ಮಕ್ಕಳಿಗೆ ಲೆಕ್ಕ ಅಂದರೆ ಎಷ್ಟಿದ್ದೀತು, ಎರಡು ಕೈಯ ಬೆರಳು ಸಾಕು ಎಂಬ ಧೈರ್ಯದ ಮೇಲೆಯೇ ಅಕ್ಕ ಆ ಕೆಲಸ ಹಿಡಿದದ್ದು.

ಸೈಕಲ್ ರಿಪೇರಿ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಇದ್ದ ಮನೆಯ ಕೆಳಗಿನ ಅಂತಸ್ತೇ ಶಾಲೆ. ಮಾಂಟೆಸ್ಸರಿ ಪದ್ಧತಿಯ ಶಾಲೆಯಾದ್ದರಿಂದ ಅಲ್ಲಿ ಕಪ್ಪು ಹಲಗೆಯಿಲ್ಲ, ಬೆಂಚುಗಳಿಲ್ಲ. ಗೋಡೆಯುದ್ದಕ್ಕೂ ಮಗುವಿನ ಎದೆಯೆತ್ತರದ ಕಪಾಟುಗಳು, ಮೂಲೆಯ ಬುಟ್ಟಿಯಲ್ಲಿ ಸುರುಳಿ ಸುತ್ತಿ ನಿಲ್ಲಿಸಿದ ಚಾಪೆಗಳು. ಮಗು ತನಗೆ ಬೇಕಾದ್ದನ್ನು ತಾನೇ ತಂದು, ಚಾಪೆ ಹಾಸಿಕೊಂಡು, ಮನಸ್ಸು ತುಂಬುವಷ್ಟು ಸಲ ಮಾಡಿ, ಎಲ್ಲಿಂದ ತೆಗೆಯಿತೋ ಅಲ್ಲೇ ವಾಪಸು ಇಡಬೇಕು. ಜಗ್ಗಿನಿಂದ ಲೋಟಕ್ಕೆ ನೀರು ಸುರಿಯುವುದು, ಗುಂಡಿ ಹಾಕುವುದು, ಹಾಡು ಹೇಳಿಸುವುದು, ಮೂಗು ಒರೆಸುವುದು ಅಕ್ಕನ ಪಾಲು. ಎಣಿಸುವ ಮಣಿಗಳನ್ನಿಟ್ಟ ಕಿಟಕಿ ಪಕ್ಕದ ಲೆಕ್ಕದ ಕಪಾಟು ಮಾತ್ರ ಶಾಲೆ ಕಟ್ಟಿದ ದೊಡ್ಡಕ್ಕನದು. ಅದರ ಧೂಳು ಒರೆಸುವಾಗಲೂ ಅಕ್ಕ ಮುಖ ಅತ್ತ ತಿರುಗಿಸಿಕೊಂಡೇ ಒರೆಸುತ್ತಿದ್ದಳು.

ಇಲಿ ಬೆಕ್ಕಿಗೆ ಹೆದರಿ ಓಡಿ ಬೆಕ್ಕಿನ ಮನೆಯಲ್ಲೇ ಬಿಲ ತೋಡಿತಂತೆ. ಅಕ್ಕ ಮದುವೆಯಾಗಿ ಸೇರಿದ್ದು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತರಾದ ಟೀಚರಮ್ಮನ ಮನೆಯನ್ನು. ಟೀಚರಮ್ಮ ಎಂದರೆ ಅವಳ ಅತ್ತೆ. ಬೀದಿಗೆಲ್ಲ ಅವರು ಟೀಚರಮ್ಮನೇ. ಕಲಿಸಲು ಯಾರೂ ಇಲ್ಲದೆ ಕೈ ಕಟ್ಟಿ ಹಾಕಿದಂತಾಗಿದ್ದ ಅವರು ಸಿಕ್ಕಸಿಕ್ಕವರನ್ನೆಲ್ಲ ತಿದ್ದುತ್ತಿದ್ದರು. ಬಚ್ಚಲಿಗೆ ಟೈಲ್ಸ್ ಹಾಕಲು ಬಂದವನಿಗೆ ಮೂಲೆ ತೊಂಬತ್ತು ಡಿಗ್ರಿ ಇಲ್ಲವೆಂದು ತೋರಿಸಿ ಮೂರು ಸಾಲು ಕೀಳಿಸಿದ್ದರು. ತಲೆ ನರೆತ ಹಳೆಯ ವಿದ್ಯಾರ್ಥಿಗಳು ದೂರದಲ್ಲಿ ಅವರ ಕೊಡೆ ಕಂಡರೂ ಸಾಕು, ಬೀದಿಯ ಆಚೆ ಬದಿಗೆ ದಾಟಿಬಿಡುತ್ತಿದ್ದರು. ಸೊಸೆಯ ಮೇಲೆ ಅವರಿಗೆ ಅಕ್ಕರೆ ಇಲ್ಲದೇ ಇರಲಿಲ್ಲ. ಆದರೆ ಅಕ್ಕ ಬೆನ್ನ ಹಿಂದೆ ಬೆರಳು ಮಡಿಸಿ ಎಣಿಸುವುದನ್ನು ಒಮ್ಮೆ ನೋಡಿ, “ಅಯ್ಯೋ ನನ್ನ ಕರ್ಮವೇ” ಎಂದಿದ್ದರು. ಅಂದಿನಿಂದ ಅಕ್ಕ ಅವರೆದುರು ಏನನ್ನೂ ಎಣಿಸುತ್ತಿರಲಿಲ್ಲ.

ಹೀಗಿರುವಾಗ ದೊಡ್ಡಕ್ಕ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಕಾಲಿನ ಮೂಳೆ ಮುರಿದುಕೊಂಡರು. ಅಕ್ಕ ನೋಡಲು ಹೋದಾಗ ಅವರು ಪ್ಲಾಸ್ಟರ್ ಹಾಕಿದ ಕಾಲನ್ನು ಎರಡು ದಿಂಬಿನ ಮೇಲೆ ಇಟ್ಟುಕೊಂಡು ಆರಾಮವಾಗಿ ಹಣ್ಣು ತಿನ್ನುತ್ತಿದ್ದರು.

“ನಾನು ಎದ್ದು ಓಡಾಡೋ ತನಕ ಲೆಕ್ಕದ ಕಪಾಟು ನಿಂದು” ಎಂದರು.

“ದೊಡ್ಡಕ್ಕ, ಬೇರೆ ಯಾರನ್ನಾದ್ರೂ ಕರೆಸಿ. ನನಗೆ ಲೆಕ್ಕ ಬರಲ್ಲ.”

“ಒಳ್ಳೇದೇ ಆಯ್ತು. ಲೆಕ್ಕ ಗೊತ್ತಿರೋರು ತುಂಬಾ ಮಾತಾಡ್ತಾರೆ. ನೀನು ನಿಧಾನವಾಗಿ ಮಾಡಿ ತೋರಿಸು, ಆಮೇಲೆ ಬಾಯಿ ಮುಚ್ಕೊಂಡು ಕೂತ್ಕೋ. ಉಳಿದಿದ್ದನ್ನ ಮಣಿಗಳೇ ಹೇಳ್ತವೆ.”

“ಮಣಿ ಹೇಳಿದ್ದು ನನಗೇ ಅರ್ಥ ಆಗದಿದ್ರೆ?”

“ಮಣಿ ಪೆಟ್ಟಿಗೆ ಮನೆಗೆ ತಗೊಂಡು ಹೋಗು. ಮಕ್ಕಳು ಮಾಡೋ ಹಾಗೇ ನೆಲದ ಮೇಲೆ ಕೂತು ಮಾಡು. ನಿನಗೆ ಐದು ವರ್ಷ ಅಂದ್ಕೋ, ಅಷ್ಟೆ.”

ಅಂದು ಸಂಜೆ ಅಕ್ಕ ಮನೆಯ ನಡುಕೋಣೆಯಲ್ಲಿ ಚಾಪೆ ಹಾಸಿ ಪೆಟ್ಟಿಗೆ ಬಿಚ್ಚಿದಳು. ಒಳಗೆ ಚಿನ್ನದ ಬಣ್ಣದ ಮಣಿಗಳು. ಒಂದೊಂದೇ ಬಿಡಿ ಮಣಿ. ಹತ್ತು ಮಣಿಯನ್ನು ತಂತಿಗೆ ಪೋಣಿಸಿದ ಕಡ್ಡಿ. ಅಂಥ ಹತ್ತು ಕಡ್ಡಿ ಜೋಡಿಸಿದ ನೂರರ ಚೌಕ. ಹತ್ತು ಚೌಕ ಒಂದರ ಮೇಲೊಂದು ಕೂತ ಸಾವಿರದ ಘನ. ಬಿಡಿ ಮಣಿ ಅಂಗೈ ಮೇಲೆ ಇದ್ದದ್ದೇ ತಿಳಿಯದಷ್ಟು ಹಗುರ. ಘನವನ್ನು ಎತ್ತಲು ಮಾತ್ರ ಎರಡು ಕೈ ಬೇಕಾಯಿತು. ಸಾವಿರಕ್ಕೆ ಇಷ್ಟು ತೂಕವಿರುತ್ತದೆ ಎಂದು ಅವಳಿಗೆ ಅಲ್ಲಿಯ ತನಕ ಯಾರೂ ಹೇಳಿರಲಿಲ್ಲ.

ದೊಡ್ಡಕ್ಕ ಹೇಳಿದಂತೆ ಸೋಫಾದ ಕಾಲಿನ ಬಳಿ ಮಣಿಗಳ ‘ಬ್ಯಾಂಕು’ ಇಟ್ಟು, ತಟ್ಟೆ ಹಿಡಿದು ಮಂಡಿಯೂರಿ ಅತ್ತಿತ್ತ ಹೋಗಿ, ಸಾವಿರದ ಇನ್ನೂರ ಐವತ್ತೆಂಟನ್ನು ತಂದಳು. ಇನ್ನೊಂದು ತಟ್ಟೆಯಲ್ಲಿ ಇನ್ನೂರ ಮೂವತ್ತೈದು. ಎರಡನ್ನೂ ಚಾಪೆಯ ಮೇಲೆ ಒಟ್ಟಿಗೆ ಸುರಿದು, ಬಿಡಿ ಮಣಿಗಳನ್ನು ಎಣಿಸತೊಡಗಿದಳು. ಹತ್ತಾದ ಕೂಡಲೇ ನಿಲ್ಲಿಸಬೇಕು. ಆ ಹತ್ತನ್ನು ಬ್ಯಾಂಕಿಗೆ ಕೊಟ್ಟು, ಬದಲಿಗೆ ಒಂದು ಕಡ್ಡಿ ತರಬೇಕು. ಕೊಟ್ಟಳು, ತಂದಳು. ಚಾಪೆಯ ಮೇಲೆ ಮೂರು ಬಿಡಿ ಮಣಿ ಉಳಿದಿದ್ದವು. ಅಕ್ಕ ಅವನ್ನು ನೋಡಿದಳು. ತನ್ನ ಅಂಗೈಯನ್ನು ನೋಡಿದಳು. ಅಲ್ಲಿ ಕಡ್ಡಿಯಿತ್ತು.

ಮೂರು ಬರಿ, ಕೈಯಲ್ಲಿ ಒಂದು.

ಅವಳು ಮೊದಲು ಮೆಲ್ಲಗೆ ನಕ್ಕಳು. ಆಮೇಲೆ ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಡುಗೆಮನೆಯಿಂದ ಟೀಚರಮ್ಮ ಸೌಟು ಹಿಡಿದೇ ಓಡಿ ಬಂದರು.

“ಏನಾಯ್ತೇ? ಏನಿದು, ಸರ ಪೋಣಿಸ್ತಿದ್ಯಾ?”

“ಅತ್ತೆ, ಕೈಯಲ್ಲಿ ಒಂದು! ನೋಡಿ, ನಿಜವಾಗ್ಲೂ ಕೈಯಲ್ಲೇ ಇದೆ!”

ಟೀಚರಮ್ಮ ಕಡ್ಡಿಯನ್ನು ನೋಡಿದರು, ಸೊಸೆಯನ್ನು ನೋಡಿದರು. “ಈ ವಯಸ್ಸಿಗೆ ಸಿಕ್ತಾ ನಿನಗೆ ಅದು! ಚೆನ್ನಾಗಿದೆ. ಲೆಕ್ಕ ತಲೆಯಲ್ಲಿ ಇರ್ಬೇಕಮ್ಮಾ, ಕೈಯಲ್ಲಲ್ಲ. ಮಣಿ ಕೊಟ್ಟು ಅಭ್ಯಾಸ ಮಾಡ್ಸಿದ್ರೆ ನಾಳೆ ಮಣಿ ಇಲ್ಲದೇ ಇದ್ದಾಗ ಆ ಮಕ್ಕಳು ಏನ್ಮಾಡ್ಬೇಕು? ಇದು ಆಟ. ಲೆಕ್ಕ ಅಲ್ಲ.”

ಬೇರೆ ದಿನವಾಗಿದ್ದರೆ ಅಕ್ಕ ಹೂಂ ಎಂದು ಸುಮ್ಮನಾಗುತ್ತಿದ್ದಳು. ಅಂದು ಕೈಯಲ್ಲಿ ಕಡ್ಡಿಯಿತ್ತು.

“ತಲೆಗೆ ಹೋಗೋಕೆ ಅದಕ್ಕೆ ದಾರಿ ಬೇಡ್ವಾ ಅತ್ತೆ? ನನಗೆ ಆ ದಾರೀನೇ ಇರ್ಲಿಲ್ಲ. ಎಲ್ರೂ ತಲೆಗೇ ಎಸೆದ್ರು, ಅದು ತಾಗಿ ಕೆಳಗೆ ಬಿತ್ತು.”

ಟೀಚರಮ್ಮ ಸೌಟಿನೊಂದಿಗೆ ಒಳಗೆ ಹೋದರು. ಊಟದ ಹೊತ್ತಿಗೆ ಮನೆ ಗಂಭೀರವಾಗಿತ್ತು. ಕನ್ನಡಕದ ಅಂಗಡಿಯಿಂದ ಬಂದ ಮಗ ಅಮ್ಮನ ಮುಖ, ಹೆಂಡತಿಯ ಮುಖ ಎರಡನ್ನೂ ನೋಡಿ, “ಇಬ್ಬರಿಗೂ ನಂಬರ್ ಬದಲಾಗಿರೋ ಹಾಗಿದೆ, ನಾಳೆ ಅಂಗಡಿಗೆ ಬನ್ನಿ, ಕಣ್ಣು ಟೆಸ್ಟ್ ಮಾಡ್ತೀನಿ” ಎಂದ. ಯಾರೂ ನಗಲಿಲ್ಲ. ಅವನೂ ತಟ್ಟೆ ನೋಡಿಕೊಂಡು ಉಂಡ.

ಶಾಲೆಯಲ್ಲಿ ಅಕ್ಕನ ಲೆಕ್ಕ ಶುರುವಾಯಿತು. ದೊಡ್ಡಕ್ಕ ಹೇಳಿದ್ದು ಸುಳ್ಳಾಗಲಿಲ್ಲ. ತನಗೇ ಹೊಸದಾದ್ದರಿಂದ ಅವಳು ಪ್ರತಿ ಮಣಿಯನ್ನೂ ಗಾಜಿನ ಗುಬ್ಬಿಮರಿ ಎಂಬಂತೆ ಎತ್ತುತ್ತಿದ್ದಳು, ಕಡ್ಡಿ ಇಡುವಾಗ ಉಸಿರು ಹಿಡಿಯುತ್ತಿದ್ದಳು. ಮಕ್ಕಳೂ ಉಸಿರು ಹಿಡಿದು ನೋಡುತ್ತಿದ್ದವು. ಎಲ್ಲರಿಗಿಂತ ಮುಂದೆ ಬಂದು ಕೂರುತ್ತಿದ್ದವಳು ಐದು ವರ್ಷದ ಒಬ್ಬ ಹುಡುಗಿ. ಅಂಚೆ ವ್ಯಾನ್ ಓಡಿಸುವವನ ಮಗಳು. ಎಲ್ಲದಕ್ಕೂ ಯಾಕೆ, ಯಾಕೆ ಎಂದು ಕೇಳಿ ಕೇಳಿ ಅವಳಿಗೆ ಯಾಕಮ್ಮ ಎಂದೇ ಹೆಸರು ಬಿದ್ದಿತ್ತು.

“ಅಕ್ಕ, ಹತ್ತು ಆದ್ಮೇಲೆ ಯಾಕೆ ಬದಲಾಯಿಸ್ಬೇಕು?”

“ಬದಲಾಯಿಸದೇ ಮಾಡಿ ನೋಡು.”

ಯಾಕಮ್ಮ ಬದಲಾಯಿಸದೆ ಬಿಡಿ ಮಣಿಗಳನ್ನೇ ಸುರಿದುಕೊಳ್ಳುತ್ತ ಹೋದಳು. ಸ್ವಲ್ಪ ಹೊತ್ತಿಗೆ ಚಾಪೆ ತುಂಬಿ, ಮಣಿಗಳು ನೆಲಕ್ಕುರುಳಿ, ಎಣಿಸಿದ್ದು ಮರೆತು, ಮತ್ತೆ ಎಣಿಸಿ, ಮತ್ತೆ ಮರೆತು, ಕೊನೆಗೆ ಸೊಂಟದ ಮೇಲೆ ಕೈಯಿಟ್ಟು, “ಬದಲಾಯಿಸೋದೇ ವಾಸಿ, ಇವು ಹೇಳಿದ ಮಾತು ಕೇಳಲ್ಲ” ಎಂದು ತೀರ್ಪು ಕೊಟ್ಟಳು.

ಬ್ಯಾಂಕಿನ ಅಧಿಕಾರಿ ಉಂಡೆ. ಉಂಡೆ ಎಂದರೆ ಕೆನ್ನೆ, ಹೊಟ್ಟೆ, ಮೂಗು ಎಲ್ಲವೂ ದುಂಡಗಿದ್ದ ನಾಲ್ಕೂವರೆ ವರ್ಷದ ಹುಡುಗ. ಯಾರು ಬಂದು ಹತ್ತು ಬಿಡಿ ಕೊಟ್ಟರೂ ಅವನು ಮೊದಲು ಎಣಿಸಿ, ಆಮೇಲೆ ಕಡ್ಡಿ ಕೊಡುತ್ತಿದ್ದ. ಒಂದು ಬೆಳಗ್ಗೆ ಬ್ಯಾಂಕಿನಲ್ಲಿ ಗದ್ದಲವಾಯಿತು.

“ನಾನು ಹತ್ತೇ ಕೊಟ್ಟೆ” ಎಂದಳು ಯಾಕಮ್ಮ.

“ಒಂಬತ್ತೇ ಇದೆ” ಎಂದ ಉಂಡೆ. ಅವನ ದನಿ ಯಾಕೋ ಗುಂಯ್‌ಗುಡುತ್ತಿತ್ತು.

ಯಾಕಮ್ಮ ಸೊಂಟ ಬಗ್ಗಿಸಿ ತಟ್ಟೆ ನೋಡಿದಳು, ಚಾಪೆಯ ಕೆಳಗೆ ನೋಡಿದಳು, ಕಡೆಗೆ ಉಂಡೆಯ ಮುಖ ನೋಡಿದಳು. “ಅಕ್ಕಾ! ಬ್ಯಾಂಕಿನೋರ ಮೂಗಲ್ಲಿ ಹೊಳೀತಿದೆ!”

ಅಕ್ಕ ಓಡಿ ಬಂದು ಉಂಡೆಯ ಗದ್ದ ಎತ್ತಿ ನೋಡಿದಳು. ಎಡ ಹೊಳ್ಳೆಯ ಒಳಗೆ ಚಿನ್ನದ ಮಣಿ ಆರಾಮವಾಗಿ ಕೂತಿತ್ತು. “ಹೆಂಗಿರುತ್ತೆ ಅಂತ ನೋಡ್ದೆ” ಎಂದ ಉಂಡೆ, ಮತ್ತು ತಾನು ಮಾಡಿದ್ದು ಎಂಥದ್ದೆಂದು ಅಕ್ಕನ ಮುಖದಿಂದ ತಿಳಿದು ಬಾಯಿ ತೆರೆದು ಅಳತೊಡಗಿದ. ಬೆರಳು ಹಾಕಿದರೆ ಮಣಿ ಇನ್ನೂ ಒಳಗೆ ಹೋದೀತು. ಅಳುವಾಗ ಉಸಿರು ಒಳಗೆಳೆದರೂ ಹೋದೀತು. ದೊಡ್ಡಕ್ಕ ಹಾಸಿಗೆಯಲ್ಲಿ, ಆಸ್ಪತ್ರೆ ದೂರ, ಉಳಿದ ಮಕ್ಕಳನ್ನು ಬಿಟ್ಟು ಹೋಗುವಂತಿಲ್ಲ. ಎರಡು ಬೀದಿ ಆಚೆಗೆ ಇದ್ದವರು ಒಬ್ಬರೇ. ಅಕ್ಕ ಫೋನು ತೆಗೆದಳು.

“ಅತ್ತೆ, ಬೇಗ ಬನ್ನಿ. ಒಂದು ಮಗು ಮೂಗಿಗೆ ಬಿಡಿ ಹಾಕ್ಕೊಂಡಿದೆ.”

“ಏನು ಬಿಟ್ಟಿದೆ?”

“ಬಿಡಿ, ಅತ್ತೆ! ಮಣಿ! ಒಂದು!”

ಟೀಚರಮ್ಮ ಕೊಡೆಯನ್ನೂ ಮರೆತು ಬಂದರು. ಎಷ್ಟು ವರ್ಷ ಮಕ್ಕಳ ನಡುವೆ ಕಳೆದವರು. ಸೀಮೆಸುಣ್ಣ, ಪೆನ್ಸಿಲ್ ತುದಿ, ರಬ್ಬರು ಹೀಗೆ ಮೂಗೊಳಗೆ ಹೋದ ಏನೇನನ್ನೋ ಕಂಡವರು. ಬಾಗಿಲಲ್ಲಿ ಚಪ್ಪಲಿ ಕಳಚಿ ನೇರವಾಗಿ ಉಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

“ಅಳಬಾರ್ದು ರಾಜ. ಬಾಯಲ್ಲಿ ಉಸಿರು ತಗೋ. ಹಾಂ, ಹಾಗೆ. ಇನ್ನೂ ದೊಡ್ಡದಾಗಿ. ಈಗ ಬಾಯಿ ಮುಚ್ಚಿ ಮೂಗಿಂದ ಜೋರಾಗಿ ಊದು, ರೈಲು ಬಿಟ್ಟ ಹಾಗೆ.” ಹೇಳುತ್ತಲೇ ಅವನ ಬಲ ಹೊಳ್ಳೆಯನ್ನು ಬೆರಳಿನಿಂದ ಅದುಮಿ ಹಿಡಿದರು.

ಉಂಡೆ ಊದಿದ. ಮಣಿ ಟಪ್ಪನೆ ಹಾರಿ ಟೀಚರಮ್ಮನ ಕನ್ನಡಕಕ್ಕೆ ಬಡಿದು ನೆಲದ ಮೇಲೆ ಪುಟಿಯಿತು. ಮಕ್ಕಳೆಲ್ಲ ಹೋ ಎಂದವು. ಅಕ್ಕ ಗೋಡೆಗೆ ಒರಗಿ ಕೂತುಬಿಟ್ಟಳು. ಯಾಕಮ್ಮ ಮಾತ್ರ ಆ ಮಣಿಯನ್ನು ಕಾಗದದಲ್ಲಿ ಹಿಡಿದುಕೊಂಡು ಹೋಗಿ, ಪುಟ್ಟ ತೊಟ್ಟಿಯಲ್ಲಿ ಸೋಪು ಹಚ್ಚಿ ತೊಳೆದು, ಒರೆಸಿ, ಬ್ಯಾಂಕಿನಲ್ಲಿಟ್ಟು, “ಈಗ ಹತ್ತಾಯ್ತು, ಕಡ್ಡಿ ಕೊಡು” ಎಂದು ಕೈಯೊಡ್ಡಿದಳು.

ಟೀಚರಮ್ಮ ಎದ್ದು ಹೊರಡಬೇಕೆಂದಿದ್ದರು. ಉಂಡೆ ಅವರ ತೋರುಬೆರಳನ್ನು ಹಿಡಿದುಕೊಂಡವನು ಬಿಡಲಿಲ್ಲ. ಹಾಗಾಗಿ ಅಲ್ಲೇ ಪುಟ್ಟ ಕುರ್ಚಿಯೊಂದರ ಮೇಲೆ ಮಂಡಿ ಗದ್ದಕ್ಕೆ ತಾಗುವಂತೆ ಕೂತರು. “ಅಜ್ಜಿ, ಚಾಪೆ ಮೇಲೆ ಕಾಲಿಡ್ಬೇಡಿ. ಅದು ಕೆಲಸದ ಜಾಗ” ಎಂದು ಯಾಕಮ್ಮ ಹೇಳಿದಾಗ ತಡಬಡಿಸಿ ಕಾಲು ಹಿಂದೆಳೆದುಕೊಂಡರು. ಬಹಳ ವರ್ಷಗಳ ನಂತರ ತರಗತಿಯೊಂದರಲ್ಲಿ ಯಾರೋ ಅವರಿಗೆ ಹೀಗೆ ಮಾಡಬೇಡಿ ಎಂದಿದ್ದರು.

ಎದುರಿನ ಚಾಪೆಯ ಮೇಲೆ ನಾಲ್ಕು ವರ್ಷದ ಒಬ್ಬ ಹುಡುಗ ತನ್ನ ಪಾಡಿಗೆ ತಾನು ಕೂತಿದ್ದ. ತೀರ ಕಡಿಮೆ ಮಾತಿನವನು. ಎಲ್ಲರೂ ಮೌನಿ ಎನ್ನುತ್ತಿದ್ದರು. ಮಣಿ ಹಾರಿದಾಗಲೂ ಅವನು ತಲೆಯೆತ್ತಿರಲಿಲ್ಲ. ಅವನ ಮುಂದೆ ಮರದ ಡಬ್ಬಿಯೊಂದು ಎರಡು ಬದಿ ಬಿಚ್ಚಿಕೊಂಡು ನಿಂತಿತ್ತು. ಸುತ್ತ ಬಣ್ಣ ಬಳಿದ ಎಂಟು ತುಂಡುಗಳು, ಕೆಲವಕ್ಕೆ ಕೆಂಪು ಚೌಕದ ಮುಖ, ಕೆಲವಕ್ಕೆ ನೀಲಿ, ಅವುಗಳ ಬದಿ ಕಪ್ಪು. ಅವನು ಕೆಂಪು ಮುಖಕ್ಕೆ ಕೆಂಪು ಮುಖ, ಕಪ್ಪಿಗೆ ಕಪ್ಪು, ನೀಲಿಗೆ ನೀಲಿ ತಾಗಿಸಿ ಒಂದೊಂದನ್ನೇ ಡಬ್ಬಿಯೊಳಗೆ ಕೂರಿಸುತ್ತಿದ್ದ. ಕೆಳಗಿನ ಪದರ ಮುಗಿಸಿ ಮೇಲಿನದನ್ನು ಹಿಡಿದ. ಎಂಟೂ ಸೇರಿ ಒಂದು ದೊಡ್ಡ ಘನವಾಯಿತು. ಬದಿಗಳನ್ನು ಮುಚ್ಚಿದ, ಮುಚ್ಚಳ ಹಾಕಿದ. ಮತ್ತೆ ಬಿಚ್ಚಿ ಹರಡಿದ.

ಟೀಚರಮ್ಮ ಸುಮ್ಮನೆ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ಅವರ ಕತ್ತು ಮುಂದೆ ಬಂತು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ತುಟಿ ಅಲ್ಲಾಡತೊಡಗಿತು.

“ಕೆಂಪು ಘನ ಒಂದು… ಕೆಂಪು ಚೌಕದ್ದು ಮೂರು… ನೀಲಿ ಚೌಕದ್ದು ಮೂರು… ನೀಲಿ ಘನ ಒಂದು. ಒಂದು, ಮೂರು, ಮೂರು, ಒಂದು.”

ಉಂಡೆಯ ಕೈಯಿಂದ ಬೆರಳು ಬಿಡಿಸಿಕೊಂಡು ಅವರು ನೆಲಕ್ಕಿಳಿದರು. ಮಂಡಿ ಎರಡೂ ಲಟಕ್ಕೆಂದವು.

“ಕೊಡಪ್ಪ ಇಲ್ಲಿ, ಒಂದ್ಸಲ ಕೊಡು.”

ಮೌನಿ ಇಲ್ಲವೆಂದು ತಲೆಯಾಡಿಸಿದ. ಯಾಕಮ್ಮ ಅವನ ಪರವಾಗಿ ಹೇಳಿದಳು: “ಅವನದು ಮುಗೀಲಿ ಅಜ್ಜಿ. ಮುಗಿದ್ಮೇಲೆ ಕಪಾಟಿನಲ್ಲಿ ಇಡ್ತಾನೆ. ಆಗ ನೀವು ತಗೊಳ್ಳಿ.”

ಟೀಚರಮ್ಮ ಕಾದರು. ಮೌನಿ ಮತ್ತೊಂದು ಸಲ ಕಟ್ಟಿದ, ಬಿಚ್ಚಿದ, ಇನ್ನೊಂದು ಸಲ ಕಟ್ಟಿದ. ಗಂಟೆ ಹೊಡೆದರೆ ಇಡೀ ಶಾಲೆಯನ್ನೇ ನಿಲ್ಲಿಸುತ್ತಿದ್ದ ಹೆಂಗಸು ಕೈ ಹಿಸುಕಿಕೊಳ್ಳುತ್ತ, ಡಬ್ಬಿ ಕಪಾಟು ಸೇರುವ ತನಕ ನೆಲದ ಮೇಲೆ ಕೂತಿದ್ದನ್ನು ಅಕ್ಕ ಬೆರಗಾಗಿ ನೋಡಿದಳು.

ಸರದಿ ಬಂದ ಮೇಲೆ ಅವರು ಎಂಟೂ ತುಂಡುಗಳನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟರು. ಮೊದಲು ಕೆಂಪು ಘನ, ಆಮೇಲೆ ಮೂರು, ಆಮೇಲೆ ಮೂರು, ಕೊನೆಗೆ ನೀಲಿ ಘನ. ಬೋರ್ಡಿನ ಮೇಲೆ ಬರೆದಷ್ಟೇ ನೆಟ್ಟಗೆ. ಸಾಲನ್ನು ನೋಡಿ ಅವರ ಕಣ್ಣು ತುಂಬಿತು. ಹೆಮ್ಮೆಯಿಂದ ಕತ್ತೆತ್ತಿದರು.

ಪಕ್ಕದಲ್ಲಿ ನಿಂತಿದ್ದ ಮೌನಿ ಅಂದಿನ ಮೊದಲ ಮಾತಾಡಿದ: “ಅದು ಡಬ್ಬಿಗೆ ಹೋಗಲ್ಲ.”

“ಹೋಗುತ್ತಪ್ಪ, ಸೂತ್ರ ಸರಿಯಾಗಿದೆ.”

“ಹೋಗಲ್ಲ” ಎಂದ ಮೌನಿ. ಅವರ ಎದುರು ಕೂತು, ಕೆಂಪು ಘನವನ್ನು ಡಬ್ಬಿಯ ಮೂಲೆಗೆ ಇಟ್ಟ. ಅದರ ಒಂದು ಮಗ್ಗುಲಿಗೆ ಕೆಂಪು ಚೌಕದ ಒಂದು ತುಂಡು, ಇನ್ನೊಂದು ಮಗ್ಗುಲಿಗೆ ಇನ್ನೊಂದು. ಮೂಲೆಯಲ್ಲಿ ಉಳಿದ ಸಂದಿಗೆ ನೀಲಿ ಚೌಕದ ತುಂಡು. ಆಮೇಲೆ ಕೈ ಹಿಂದೆ ಕಟ್ಟಿಕೊಂಡು ಅವರ ಮುಖ ನೋಡಿದ. ಮೇಲಿನ ಪದರವನ್ನು ಟೀಚರಮ್ಮ ತಾವೇ ಕಟ್ಟಿದರು. ಮೂರನೆಯ ಕೆಂಪು ಚೌಕ ಕೆಂಪು ಘನದ ನೆತ್ತಿಯ ಮೇಲೆ ಕೂತಾಗ ಅವರು ಗಟ್ಟಿಯಾಗಿ ಕೂಗಿಯೇಬಿಟ್ಟರು.

“ಬಾರೇ ಇಲ್ಲಿ! ನೋಡೇ! ಎ ಪ್ಲಸ್ ಬಿ ಹೋಲ್ ಕ್ಯೂಬ್!”

“ಅಜ್ಜೀ, ಇಲ್ಲಿ ಪಿಸುಮಾತು” ಎಂದಳು ಯಾಕಮ್ಮ, ತುಟಿಯ ಮೇಲೆ ಬೆರಳಿಟ್ಟು.

ಟೀಚರಮ್ಮ ಪಿಸುಗುಟ್ಟಿದರು. ಆದರೆ ಆ ಪಿಸುಮಾತೂ ಇಸ್ತ್ರಿ ಅಂಗಡಿಯ ತನಕ ಕೇಳುವಂತಿತ್ತು. “ಮೂರು ಯಾಕೆ ಅಂದ್ರೆ ಮೂರು ಕಡೆ ಗೋಡೆ ಇದೆ ಕಣೇ! ಈ ಪಕ್ಕ ಒಂದು, ಆ ಪಕ್ಕ ಒಂದು, ತಲೆ ಮೇಲೊಂದು. ಇದು ಸೂತ್ರ ಅಲ್ಲ, ಇದು ಮನೆ! ನಾನು ಜೀವಮಾನ ಪೂರ್ತಿ ಇದರ ಅಡ್ರೆಸ್ ಬರ್ಕೊಂಡು ಕೂತಿದ್ದೆ, ಒಂದ್ಸಲಾನೂ ಒಳಗೆ ಹೋಗಿರ್ಲಿಲ್ಲ.”

ಅಕ್ಕ ಪಕ್ಕದಲ್ಲಿ ಕೂತು ಒಂದೊಂದೇ ತುಂಡನ್ನು ಎತ್ತಿ ನೋಡಿದಳು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮರೆತ ಆ ಸಾಲು ಅವಳ ಕೈಯಲ್ಲಿ ಕೆಂಪು, ಕಪ್ಪು, ನೀಲಿಯಾಗಿ ತಿರುಗುತ್ತಿತ್ತು. ಅತ್ತೆ ಕೇಳಿದ್ದಕ್ಕೆಲ್ಲ ಅವಳು ಬೆರಳು ಮಡಿಸದೆ ಉತ್ತರ ಹೇಳಿದಳು. ಒಂದಕ್ಕೂ ತಡವರಿಸಲಿಲ್ಲ. ಅದನ್ನು ಇಬ್ಬರೂ ಗಮನಿಸಿದರು. ಅಂದು ರಾತ್ರಿ ಊಟಕ್ಕೆ ಕೂತಾಗ ಟೀಚರಮ್ಮ ಸೊಸೆಯ ತಟ್ಟೆಗೆ ಬೇಡ ಬೇಡವೆಂದರೂ ಎರಡನೇ ಸಲ ಬಡಿಸಿದರು. ಮಗ, “ನಂಬರ್ ಸರಿ ಹೋದ ಹಾಗಿದೆ” ಎಂದ. ಈ ಸಲ ಇಬ್ಬರೂ ನಕ್ಕರು.

ಮರುದಿನದಿಂದ ಟೀಚರಮ್ಮ ತಪ್ಪದೆ ಶಾಲೆಗೆ ಬರತೊಡಗಿದರು. ಬರುವ ಮೊದಲು ಅಕ್ಕ ಒಂದೇ ಷರತ್ತು ಹಾಕಿದ್ದಳು: ತಿದ್ದಬಾರದು. ಇದು ಟೀಚರಮ್ಮನಿಗೆ ನಾಲಿಗೆಯ ಮೇಲೆ ಕೆಂಡ ಇಟ್ಟುಕೊಂಡಷ್ಟು ಕಷ್ಟ. ಉಂಡೆ ಒಂದು ದಿನ ಕಡ್ಡಿಗಳ ಪಕ್ಕ ಬಿಡಿ ಮಣಿ ಇಡುತ್ತ ಎಣಿಸುತ್ತಿದ್ದ. “ಇಪ್ಪತ್ತೇಳು, ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ಹತ್ತು!”

ಟೀಚರಮ್ಮನ ಬಾಯಿ ತೆರೆಯಿತು. ಅಕ್ಕ ಕಣ್ಣಲ್ಲೇ ಬೇಡವೆಂದಳು. ಟೀಚರಮ್ಮ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಉಂಡೆ ಮತ್ತೆ, “ಇಪ್ಪತ್ಹತ್ತು, ಇಪ್ಪತ್ಹತ್ತು” ಎಂದ. ಟೀಚರಮ್ಮ ಸರ್ರನೆ ಎದ್ದು ಹೊರಗೆ ಹೋಗಿ, ಸೈಕಲ್ ಅಂಗಡಿಯವನ ಮುಂದೆ ನಿಂತು, “ಮೂವತ್ತು!” ಎಂದರು.

ಅವನು ಟ್ಯೂಬು ಹಿಡಿದೇ ಕಣ್ಣು ಪಿಳಿಪಿಳಿ ಬಿಟ್ಟ. “ಯಾವುದಕ್ಕಮ್ಮ? ಪಂಕ್ಚರ್‌ಗಾ?”

“ಏನಿಲ್ಲ. ನಿನಗಲ್ಲ” ಎಂದು ಎದೆ ಹಗುರ ಮಾಡಿಕೊಂಡು ವಾಪಸು ಬಂದರು. ಬರುವಷ್ಟರಲ್ಲಿ ಉಂಡೆ ತನ್ನ ಬಿಡಿ ಮಣಿಗಳನ್ನು ನೋಡಿ ಹುಬ್ಬು ಗಂಟಿಕ್ಕಿ, “ಎಲಾ, ಇಲ್ಲಿ ಹತ್ತು ಸೇರ್ಕೊಂಡಿವೆ” ಎಂದು ಹೇಳಿ, ಅವನ್ನು ಕಡ್ಡಿಗೆ ಬದಲಾಯಿಸಿಯಾಗಿತ್ತು. ಮೂರು ಕಡ್ಡಿಗಳನ್ನು ಬೆರಳಿನಿಂದ ಮುಟ್ಟುತ್ತ, “ಹತ್ತು, ಇಪ್ಪತ್ತು, ಮೂವತ್ತು. ಓ, ಇದು ಮೂವತ್ತು!” ಎಂದು ತನಗೆ ತಾನೇ ಹೇಳಿಕೊಂಡ. ಟೀಚರಮ್ಮ ಬಾಗಿಲಲ್ಲಿ ನಿಂತು ಅವನನ್ನು ನೋಡಿದರು. ತಾವು ಹೇಳಿಕೊಟ್ಟಿದ್ದರೆ ಆ ‘ಓ’ ಹುಟ್ಟುತ್ತಲೇ ಇರಲಿಲ್ಲ ಎಂದು ಅವರಿಗೆ ಅನ್ನಿಸಿತು. ಒಳಗೆ ಬಂದು, ಕೈ ಕಟ್ಟಿ, ತಮ್ಮ ಪುಟ್ಟ ಕುರ್ಚಿಯಲ್ಲಿ ಕೂತರು. ಆ ಮೇಲೆ ಅವರು ಹೊರಗೆ ಹೋದದ್ದು ಕಡಿಮೆ. ಸೈಕಲ್ ಅಂಗಡಿಯವನೇ ಆಗಾಗ ಇಣುಕಿ, “ಇವತ್ತು ಎಷ್ಟಮ್ಮ?” ಎಂದು ವಿಚಾರಿಸಿಕೊಳ್ಳುತ್ತಿದ್ದ.

ದೊಡ್ಡಕ್ಕನ ಪ್ಲಾಸ್ಟರ್ ಬಿಚ್ಚಿದ ವಾರ ಯಾಕಮ್ಮ ಸಾವಿರದ ಸರಪಣಿಗೆ ಕೈ ಹಾಕಿದಳು. ನೂರು ಕಡ್ಡಿಗಳನ್ನು ಕೊಂಡಿಗೆ ಕೊಂಡಿ ಸೇರಿಸಿದ ಉದ್ದನೆಯ ಸರ ಅದು. ಮಡಚಿಟ್ಟರೆ ಒಂದು ಮೊರದಲ್ಲಿ ಹಿಡಿಸುತ್ತದೆ. ಬಿಡಿಸಿದರೆ ಕಿಟಕಿಯ ಗೋಡೆಯಿಂದ ಹೊರಟು, ಕೋಣೆ ದಾಟಿ, ಬಾಗಿಲು ದಾಟಿ, ಓಣಿಯಂಥ ನಡೆಯಲ್ಲಿ ಸಾಗಿ ಹೊರಬಾಗಿಲ ತನಕ ಹೋಯಿತು. ಯಾಕಮ್ಮ ಕಿಟಕಿಯ ಕಡೆಯಿಂದ ಮಂಡಿಯೂರಿ ಒಂದೊಂದೇ ಮಣಿ ಮುಟ್ಟಿ ಎಣಿಸುತ್ತ ಹೊರಟಳು. ಹತ್ತಕ್ಕೊಂದು ಪುಟ್ಟ ಕಾಗದದ ಬಾಣ, ನೂರಕ್ಕೊಂದು ದೊಡ್ಡ ಬಾಣ ಇಡುತ್ತ ಹೋದಳು. ತಿಂಡಿಯ ಹೊತ್ತಿಗೆ ನಾನೂರು ದಾಟಿದ್ದಳು. ತಿಂಡಿ ಬೇಡವೆಂದಳು. ಎಂಟುನೂರು ಮುಗಿದ ಮೇಲೆ ತಲೆಯೆತ್ತಿ, “ಒಂಬತ್ತುನೂರು ಅನ್ಬೇಕಲ್ವಾ? ಯಾಕೆ ಒಂಬೈನೂರು ಅಂತಾರೆ?” ಎಂದಳು.

“ಅದು ನನಗೂ ಗೊತ್ತಿಲ್ಲ ಕಂದ” ಎಂದರು ಟೀಚರಮ್ಮ. ಹಾಗೆ ಹೇಳಿದ್ದು ಅವರಿಗೇ ಹೊಸದಾಗಿತ್ತು. ಹೇಳಿದ ಮೇಲೆ ಹಿತವಾಗಿಯೂ ಇತ್ತು.

ಶಾಲೆ ಬಿಡುವ ಹೊತ್ತಾಯಿತು. ಹೊರಬಾಗಿಲಲ್ಲಿ ಅಪ್ಪಂದಿರು, ಅಮ್ಮಂದಿರು, ಅಜ್ಜಂದಿರು ಸೇರಿದರು. ಸರಪಣಿ ಮೆಟ್ಟಿಲ ಹತ್ತಿರವೇ ಇದ್ದುದರಿಂದ ಟೀಚರಮ್ಮ ಟ್ರಾಫಿಕ್ ಪೊಲೀಸಿನ ಹಾಗೆ ಕೈಯೆತ್ತಿ, ಮೆಟ್ಟಿಲ ಕೆಳಗಿನ ಗೇಟು ಮುಚ್ಚಿ ಎಲ್ಲರನ್ನೂ ಹೊರಗೇ ನಿಲ್ಲಿಸಿದರು. ಯಾಕಮ್ಮನ ಅಪ್ಪ ಅಂಚೆ ವ್ಯಾನಿನ ಹಾರ್ನ್ ಹೊಡೆಯಲು ಕೈಯೆತ್ತಿದವನು ಅವರ ಮುಖ ನೋಡಿ ಕೈ ಇಳಿಸಿಕೊಂಡ. ಆಗಲೇ ಆಟೋದಿಂದ ದೊಡ್ಡಕ್ಕ ಊರುಗೋಲು ಊರಿಕೊಂಡು ಇಳಿದರು. ಯಾರಿಗೂ ಹೇಳದೆ ಶಾಲೆ ನೋಡಲು ಬಂದಿದ್ದರು.

“ಏನಿದು, ನನ್ನ ಶಾಲೆಗೆ ನನ್ನನ್ನೇ ಬಿಡಲ್ವಾ?”

“ಶ್” ಎಂದರು ಟೀಚರಮ್ಮ. “ಒಂಬೈನೂರ ಎಪ್ಪತ್ತಾರಾಗಿದೆ. ಸದ್ದು ಮಾಡ್ಬೇಡಿ.”

ದೊಡ್ಡಕ್ಕ ಸದ್ದು ಮಾಡದೆ ಒಂಟಿ ಕಾಲಿನ ಮೇಲೆ ನಿಂತು, ಟೀಚರಮ್ಮನ ಹೆಗಲ ಮೇಲಿಂದ ಇಣುಕಿದರು. ನಡೆಯುದ್ದಕ್ಕೂ ಚಿನ್ನದ ಗೆರೆ. ಅದರ ಇಕ್ಕೆಲದಲ್ಲಿ ಗೋಡೆಗೆ ಅಂಟಿ ಕೂತ ಮಕ್ಕಳು. ಗೆರೆಯ ಈ ತುದಿಯಲ್ಲಿ ಬೆವರಿದ ಹಣೆಯ ಪುಟ್ಟ ಹುಡುಗಿ. ಅವಳ ಹಿಂದೆ ಒಂದು ಮಾರು ದೂರದಲ್ಲಿ ಅಕ್ಕ ಕೈ ಕಟ್ಟಿ ಕೂತಿದ್ದಳು. ಅವಳ ತುಟಿ ಅಲ್ಲಾಡುತ್ತಿರಲಿಲ್ಲ, ಬೆರಳು ಮಡಿಚಿಕೊಳ್ಳುತ್ತಿರಲಿಲ್ಲ. ಲೆಕ್ಕದ ಮುಂದೆ ಅಷ್ಟು ನಿರಾಳವಾಗಿ ಕೂತ ಅಕ್ಕನನ್ನು ದೊಡ್ಡಕ್ಕ ನೋಡಿದ್ದು ಅದೇ ಮೊದಲು.

“ಒಂಬೈನೂರ ತೊಂಬತ್ತೆಂಟು. ಒಂಬೈನೂರ ತೊಂಬತ್ತೊಂಬತ್ತು.”

ಯಾಕಮ್ಮನ ಬೆರಳು ಕೊನೆಯ ಮಣಿಯ ಮೇಲೆ ನಿಂತಿತು. ಬೀದಿಯಲ್ಲಿದ್ದವರೆಲ್ಲ ಕತ್ತು ಚಾಚಿದರು. ಸೈಕಲ್ ಅಂಗಡಿಯವನು ಪಂಪು ಹೊಡೆಯುವುದನ್ನು ನಿಲ್ಲಿಸಿದ.

“ಸಾವಿರ” ಎಂದಳು ಯಾಕಮ್ಮ, ಮೆಲ್ಲಗೆ.

ಅವಳ ಅಪ್ಪ ಚಪ್ಪಾಳೆ ತಟ್ಟಲು ಹೋದ. ಯಾಕಮ್ಮ ಅವನತ್ತ ನೋಡಲೂ ಇಲ್ಲ. ಕೊನೆಯ ಬಾಣ ಇಟ್ಟು, ಎದ್ದು ನಿಂತು, ಸರಪಣಿ ಮುಗಿದಲ್ಲಿಂದ ಆಚೆಗೆ ಮೆಟ್ಟಿಲು, ಮೆಟ್ಟಿಲ ಆಚೆಗೆ ಮುಚ್ಚಿದ ಗೇಟು, ಗೇಟಿನ ಆಚೆಗೆ ಬೀದಿ, ಬೀದಿಯ ಆಚೆಗೆ ತಿರುವು, ಹೀಗೆ ದೂರದ ತನಕ ಕಣ್ಣು ಹಾಯಿಸಿದಳು. ಆಮೇಲೆ ಅಕ್ಕನ ಕಡೆ ತಿರುಗಿದಳು.

“ಅಕ್ಕ, ಯಾಕೆ ನಿಂತೋಯ್ತು?”

ಅಕ್ಕ ಅತ್ತೆಯ ಕಡೆಗೆ ನೋಡಲಿಲ್ಲ, ದೊಡ್ಡಕ್ಕನ ಕಡೆಗೂ ನೋಡಲಿಲ್ಲ. “ಸರಪಣಿ ನಿಂತಿದೆ ಪುಟ್ಟಿ. ಎಣಿಕೆ ನಿಂತಿಲ್ಲ” ಎಂದಳು.

ಯಾಕಮ್ಮ ಮತ್ತೆ ಮೆಟ್ಟಿಲ ಕಡೆ ತಿರುಗಿದಳು. “ಹಾಗಾದ್ರೆ ಗೇಟು ತೆಗೀರಿ” ಎಂದಳು.